ಅಳಿಸಿದ್ದು

ಗಾಜಿನ ಆಚೆ ಕೂತಿದ್ದ ಹೆಂಗಸು ಕೇಳಿಸದಿದ್ದರೂ ಗುಂಡಿ ಒತ್ತುತ್ತಿದ್ದಳು. ಕಿವಿ ಪರೀಕ್ಷೆಗೆ ಬರುವವರಲ್ಲಿ ಇಂಥವರು ಇದ್ದೇ ಇರುತ್ತಾರೆ. ಸದ್ದು ಕೇಳಿಸಿದಾಗ ಮಾತ್ರ ಒತ್ತಿ ಎಂದು ಎಷ್ಟು ಬಿಡಿಸಿ ಹೇಳಿದರೂ, ಕಿವುಡಿ ಅನ್ನಿಸಿಕೊಳ್ಳುವ ಭಯಕ್ಕೆ ಬರೀ ಅಂದಾಜಿನ ಮೇಲೆ ಒತ್ತುತ್ತ ಹೋಗುತ್ತಾರೆ. ಅಂಥವರಿಗಾಗಿ, ಗಾಜಿನ ಈಚೆ ಕೂತು ಪರೀಕ್ಷೆ ಮಾಡುವ ಅವಳು ಒಂದು ಉಪಾಯ ಇಟ್ಟುಕೊಂಡಿದ್ದಳು. ಯಾವ ಸದ್ದನ್ನೂ ಕಳಿಸದೆ ಸುಮ್ಮನೆ ಕೂತುಬಿಡುವುದು. ಆಚೆಯ ಹೆಂಗಸು ಹೆಡ್‌ಫೋನಿನೊಳಗಿನ ಆ ಮೌನವನ್ನು ಹಣೆ ಗಂಟುಹಾಕಿ ಕೇಳಿದಳು, ಗುಂಡಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಗಾಜಿನ ಈಚೆಗೆ ನೋಡಿ ನಕ್ಕಳು. ಬೇರೆ ದಿನವಾಗಿದ್ದರೆ ಎದ್ದು ಹೋಗಿ ಹೆಗಲು ಮುಟ್ಟಿ, ಇದರಲ್ಲಿ ಪಾಸು ಫೇಲು ಏನೂ ಇಲ್ಲಮ್ಮ ಎನ್ನುತ್ತಿದ್ದಳು. ಇವತ್ತು ಆ ನಗೆಯನ್ನು ನೋಡಲಾರದೆ ಗ್ರಾಫಿನ ಮೇಲೆ ಕಣ್ಣಿಟ್ಟಳು. ಮೇಜಿನ ಮೇಲೆ ಮಗುಚಿ ಇಟ್ಟಿದ್ದ ಫೋನಿನಲ್ಲಿ ಅಪ್ಪನ ಸಂದೇಶವಿತ್ತು: ಸಾಧ್ಯವಾದರೆ ಸ್ವಲ್ಪ ಬೇಗ ಬಾ, ಕಂಪ್ಯೂಟರ್ ವಿಷಯ ಮಾತಾಡಬೇಕು.

ಅಪ್ಪ ಹೀಗೆ ಬರೆಯುವವರಲ್ಲ. ಬರುವಾಗ ಬಲ್ಬು ತಾ, ಛತ್ರಿ ಮರೆತು ಹೋಗಿದ್ದೀಯ, ಹಾಲು ಕಾಯಿಸಿಟ್ಟಿದ್ದೇನೆ, ಇಷ್ಟೇ ಅವರ ಸಂದೇಶಗಳು. ಗೊತ್ತಾಗಿಹೋಗಿದೆ ಅಂದುಕೊಂಡಳು. ಮೇಲ್ವಿಚಾರಕಿಗೆ ತಲೆನೋವೆಂದು ಹೇಳಿ ಮಧ್ಯಾಹ್ನದ ಬಸ್ಸು ಹತ್ತಿದ ಮೇಲೆ, ಕಿಟಕಿಯ ಪಕ್ಕ ಸೀಟು ಸಿಕ್ಕರೂ ಕೂರಲಾರದೆ ಕಂಬ ಹಿಡಿದು ನಿಂತಳು. ಬಾಯಲ್ಲಿ ಉತ್ತರಗಳು ತಾವಾಗಿಯೇ ತಯಾರಾಗುತ್ತಿದ್ದವು. ನಿಮ್ಮ ಒಳ್ಳೆಯದಕ್ಕೇ ಅಪ್ಪ. ಈ ಕಾಲದಲ್ಲಿ ವಯಸ್ಸಾದವರನ್ನು ಮೋಸ ಮಾಡುವವರು ಎಷ್ಟು ಜನ. ಪ್ರೀತಿ ಇದ್ದವರೇ ಕಣ್ಣಿಡುವುದು. ಈ ಕೊನೆಯದನ್ನು ಎಲ್ಲೋ ಓದಿದ್ದೇನಲ್ಲ ಎಂದು ಯೋಚಿಸುತ್ತಿರುವಾಗಲೇ ನೆನಪಾಯಿತು. ಅಪ್ಪನ ಕಂಪ್ಯೂಟರಿಗೆ ಕದ್ದು ಹಾಕಿದ್ದ ತಂತ್ರಾಂಶವನ್ನು ಇಳಿಸಿಕೊಂಡ ಪುಟದ ಮೇಲೆ, ನಗುವ ತಾಯಿಯ ಚಿತ್ರದ ಕೆಳಗೆ, ಅದನ್ನೇ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಅದರ ಸುಳಿವು ಕೊಟ್ಟವಳು ಆಸ್ಪತ್ರೆಯ ಲೆಕ್ಕದ ವಿಭಾಗದ ಗುಮಾಸ್ತೆ. ಬಾಗಿಲು ಹಾಕಿಕೊಂಡು ಕೂರುವ ಮಗ ಏನೇನು ಟೈಪ್ ಮಾಡುತ್ತಾನೆ ಎನ್ನುವುದು ಅಕ್ಷರ ಅಕ್ಷರವಾಗಿ ತನ್ನ ಫೋನಿಗೆ ಬಂದು ಬೀಳುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳಿ, ಹೆತ್ತವಳಿಗೆ ಇಷ್ಟೂ ಗೊತ್ತಿರಬಾರದಾ ಎಂದು ಸುತ್ತಲಿದ್ದವರ ಮುಖ ನೋಡಿದ್ದಳು. ಎಲ್ಲರ ಜೊತೆ ಅವಳೂ ಛೇ ಎಂದು ನಕ್ಕಿದ್ದಳು, ನಗುತ್ತಲೇ ಹೆಸರನ್ನು ಮನಸ್ಸಿನಲ್ಲಿ ಬರೆದುಕೊಂಡಿದ್ದಳು. ಶನಿವಾರ ಅಪ್ಪ ಸ್ನಾನಕ್ಕೆ ಹೋದಾಗ ಅವರ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಮೇಜಿನ ತುಂಬ ಅವರ ಹಳೇ ಸರ್ವೆ ನಕ್ಷೆಗಳು, ಅವು ಸುರುಳಿಯಾಗದಂತೆ ನಾಲ್ಕು ಮೂಲೆಗೂ ಇಟ್ಟ ಹಿತ್ತಾಳೆಯ ತೂಕದ ಬಟ್ಟುಗಳು. ಆ ತಂತ್ರಾಂಶದ ಬಿಟ್ಟಿ ಸಿಗುವ ಪ್ರತಿ ಅದು. ಇಳಿಸಿಕೊಳ್ಳುವಾಗ ಒಪ್ಪಿಗೆಯೇ, ಇದಕ್ಕೂ ಒಪ್ಪಿಗೆಯೇ, ಇದನ್ನೂ ಜೊತೆಗೆ ಹಾಕಲೇ ಎಂದು ಮೇಲಿಂದ ಮೇಲೆ ಕೇಳಿತು. ಬಚ್ಚಲಿನಲ್ಲಿ ಅಪ್ಪ ಬಾಯಿ ಮುಕ್ಕಳಿಸುವುದು ಕೇಳುತ್ತಿತ್ತು. ಒಂದನ್ನೂ ಓದದೆ ಎಲ್ಲದಕ್ಕೂ ಹೌದು ಹೌದು ಎಂದು ಒತ್ತುತ್ತ ಹೋದಳು. ಅಪ್ಪ ಟವೆಲಿನಲ್ಲಿ ತಲೆ ಒರೆಸಿಕೊಂಡು ಹೊರಗೆ ಬಂದಾಗ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಅದಕ್ಕೆ ಈರುಳ್ಳಿಯೇ ಕಾರಣವಾಗಿತ್ತು.

ಕಾರಣ ಕೇಳಿದರೆ ಹೇಳುವಂಥದ್ದೇನೂ ಇರಲಿಲ್ಲ. ಕೆಲವು ತಿಂಗಳಿಂದ ಅಪ್ಪ ಸಂಜೆ ಹೊತ್ತು ಕಂಪ್ಯೂಟರ್ ಮುಂದೆ ಕೂತು ತಮ್ಮಷ್ಟಕ್ಕೆ ನಗುತ್ತಿದ್ದರು. ದೊಡ್ಡ ನಗೆಯಲ್ಲ, ಮೂಗಿನಿಂದ ಬಿಟ್ಟ ಉಸಿರಿನಂಥದ್ದು. ಅವಳು ಟೀ ಹಿಡಿದು ಒಳಗೆ ಹೋದರೆ ಪರದೆಯನ್ನು ಅರ್ಧ ಮಡಚಿ, ಏನಮ್ಮಾ ಎನ್ನುತ್ತಿದ್ದರು. ಆ ಏನಮ್ಮಾ ಎನ್ನುವುದರಲ್ಲಿ ಅತಿಯಾದ ಮರ್ಯಾದೆ ಇತ್ತು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಯಾರೂ ಯಾವ ಬಾಗಿಲನ್ನೂ ಹಾಕಿದ್ದಿಲ್ಲ. ಗಂಡನನ್ನು ಬಿಟ್ಟು ಎರಡು ಪೆಟ್ಟಿಗೆ ಹಿಡಿದು ಅವಳು ಮೆಟ್ಟಿಲು ಹತ್ತಿ ಬಂದ ದಿನ ಅಪ್ಪ ಒಂದು ಪ್ರಶ್ನೆಯನ್ನೂ ಕೇಳದೆ, ಊಟ ಆಯ್ತಾ ಎಂದಷ್ಟೇ ಅಂದು ಪೆಟ್ಟಿಗೆಗಳನ್ನು ಒಳಗಿಟ್ಟಿದ್ದರು. ಅಲ್ಲಿಂದ ಅಮ್ಮನ ಅಡುಗೆಮನೆ ಅವಳದಾಯಿತು, ಅಮ್ಮ ಕೂರುತ್ತಿದ್ದ ಜಾಗ ಅವಳದಾಯಿತು. ಈಗ ಯಾರೋ ಒಬ್ಬಳು, ಹೆಸರಿಲ್ಲದ, ಮುಖವಿಲ್ಲದ ಒಬ್ಬಳು, ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದಂತೆ, ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯಮ್ಮ ಎಂದು ನಯವಾಗಿ ಕೇಳಿದಂತೆ ಅವಳಿಗೆ ಮತ್ತೆ ಮತ್ತೆ ಕಾಣಿಸುತ್ತಿತ್ತು. ಅಪ್ಪನ ಬಗ್ಗೆ ಕಾಳಜಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕಾಳಜಿಯಾಗಿದ್ದರೆ ಹೊಟ್ಟೆಯಲ್ಲಿ ಕಿಚ್ಚು ಯಾಕೆ ಏಳಬೇಕು?

ಫೋನಿಗೆ ಬಂದು ಬಿದ್ದದ್ದು ಇಷ್ಟು: ಬೆಟ್ಟದ ಎತ್ತರವನ್ನು ಗೆರೆಗಳಲ್ಲಿ ತೋರಿಸುವುದು ಹೇಗೆ ಎಂಬ ಬಗ್ಗೆ ತರಗತಿಗೆ ಬರೆದ ಟಿಪ್ಪಣಿ. ಮಂಡಿ ನೋವಿಗೆ ವ್ಯಾಯಾಮ. ನಲ್ಲಿ ಸೋರುವುದನ್ನು ನಿಲ್ಲಿಸುವುದು ಹೇಗೆ. ಅಪ್ಪ ಎರಡೇ ಬೆರಳಲ್ಲಿ ಟೈಪ್ ಮಾಡುವವರು. ತಪ್ಪಾದ ಅಕ್ಷರ, ಅಳಿಸಿದ ಅಕ್ಷರ, ಎಲ್ಲವೂ ನಡುವೆ ಗೀಟು ಎಳೆದುಕೊಂಡು ಬರುತ್ತಿತ್ತು. ಸಾಲಿನ ಮೇಲೆ ಸಾಲು ಓದಿ ಅವಳಿಗೆ ಆಕಳಿಕೆ ಬರುತ್ತಿತ್ತು, ಆಕಳಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು. ಒಂದು ದಿನ ಮಾತ್ರ ಬಸ್ಸಿನಲ್ಲಿ ಓದುತ್ತಿದ್ದವಳು ನೆಟ್ಟಗೆ ಕೂತಿದ್ದಳು. ಕೂದಲಿಗೆ ಬಣ್ಣ, ತುರಿಕೆ ಬಾರದಂಥದ್ದು. ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಸಿಕ್ಕಿಬಿದ್ದಿರಿ ಅಪ್ಪ ಎಂದು ಮನಸ್ಸಿನೊಳಗೆ ಅಂದಾಗ ಆದದ್ದು ದುಃಖವಲ್ಲ, ಗೆದ್ದಂಥ ಒಂದು ಸಂತೋಷ. ಆ ಸಂತೋಷ ನೆನಪಾಗಿ ಈಗ ಕಂಬ ಹಿಡಿದ ಅಂಗೈ ಬೆವರಿತು. ತನ್ನ ನಿಲ್ದಾಣ ದಾಟಿ ಹೋಗಿ, ಮುಂದಿನದರಲ್ಲಿ ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆದಳು.

ಗಂಟೆ ಒತ್ತುವ ಮೊದಲೇ ಅಪ್ಪ ಬಾಗಿಲು ತೆರೆದರು. ಬೆಳಿಗ್ಗೆ ತರಗತಿಗೆ ಹಾಕಿಕೊಂಡು ಹೋದ ಇಸ್ತ್ರಿ ಅಂಗಿ ಇನ್ನೂ ಮೈಮೇಲಿತ್ತು, ಕಾಲಲ್ಲಿ ಬೂಟಿತ್ತು. ಕೋಣೆಯೊಳಗೆ ಕಂಪ್ಯೂಟರನ್ನು ಮುಚ್ಚಿ ಅದರ ಮೇಲೊಂದು ಟವೆಲು ಹೊದಿಸಿದ್ದರು. ಅವಳು ಅದನ್ನು ನೋಡುತ್ತ ನಿಂತಳು. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತ ಹಾಗೆ ನಿಂತಳು. ಆದರೆ ಅಪ್ಪ ಅವಳ ಕೈಗೆ ನೀರಿನ ಲೋಟ ಕೊಟ್ಟು, ಕೆಲಸ ಬಿಡಿಸಿಬಿಟ್ಟೆನಲ್ಲ ಎಂದು ಕ್ಷಮೆ ಕೇಳಿದರು. ಏನೋ ಹೊಕ್ಕಿದೆ ಅದಕ್ಕೆ, ನಾನೇ ಏನೋ ಮಾಡಿಕೊಂಡಿದ್ದೇನೆ ಎಂದರು. ಹೇಳಲೋ ಬೇಡವೋ ಎಂಬಂತೆ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಅವಳ ಮುಖ ನೋಡದೆ, ಕಿಟಕಿಗೆ ಹೇಳಿದಂತೆ, ಬೆಳಿಗ್ಗೆ ನಡೆದದ್ದನ್ನು ಹೇಳಿದರು.

ಸರ್ವೆ ತರಬೇತಿ ಶಾಲೆಯಲ್ಲಿ ವಾರಕ್ಕೆರಡು ದಿನ ಅವರು ನಕ್ಷೆ ಓದುವುದನ್ನು ಕಲಿಸುತ್ತಿದ್ದರು. ನಿವೃತ್ತಿಯ ನಂತರ ಅವರು ಬೂಟು ಹಾಕಿಕೊಳ್ಳುತ್ತಿದ್ದದ್ದು ಆ ಎರಡು ದಿನ ಮಾತ್ರ. ಬೆಳಿಗ್ಗೆ ಅವರ ಕಂಪ್ಯೂಟರಿನಿಂದ ಪ್ರೊಜೆಕ್ಟರಿನ ಮೂಲಕ ಗೋಡೆಯ ಮೇಲೆ ಒಂದು ಬೆಟ್ಟದ ನಕ್ಷೆ ಬಿದ್ದಿತ್ತು. ಗೆರೆಗಳು ಹತ್ತಿರವಾದಲ್ಲಿ ಏರು ಕಡಿದು, ದೂರವಾದಲ್ಲಿ ಇಳಿಜಾರು ಮೆಲ್ಲನೆಯದು ಎಂದು ಕೋಲಿನಿಂದ ತೋರಿಸುತ್ತಿರುವಾಗ ಮೂಲೆಯಲ್ಲಿ ಒಂದು ಚೌಕ ತೆರೆದುಕೊಂಡಿತು. ಚೌಕದಲ್ಲಿ ಒಬ್ಬ ಹುಡುಗಿ. ಮೈಮೇಲೆ ಏನೂ ಇರಲಿಲ್ಲ ಅನ್ನಬಹುದು ಎಂದು ಅಪ್ಪ ಅಂದರು. ನಿಮ್ಮ ಊರಿನಲ್ಲೇ ನಿಮಗಾಗಿ ಕಾಯುತ್ತಿದ್ದಾಳೆ ಎಂದು ಬರೆದಿತ್ತು. ಮುಚ್ಚಲು ಹೋದರೆ ಮುಚ್ಚುವ ಗುರುತು ಪಕ್ಕಕ್ಕೆ ಸರಿಯುತ್ತಿತ್ತು. ಒಂದು ಹೋಗಿ ಎರಡಾಯಿತು, ಎರಡನೆಯದು ಬಾಗಿಲಷ್ಟು ದೊಡ್ಡದು, ಬೆಟ್ಟ ಪೂರ್ತಿ ಮುಚ್ಚಿಹೋಯಿತು. ಹಿಂದಿನ ಬೆಂಚಿನಿಂದ ಯಾರೋ, ಸರ್, ಇದರ ಏರಿಳಿತ ಹೇಗೆ ಅಳೆಯೋದು ಎಂದು ಕೇಳಿದ. ಕೋಣೆಗೆ ಕೋಣೆಯೇ ನಕ್ಕಿತು. ಅಪ್ಪ ಕೊನೆಗೆ ಪ್ರೊಜೆಕ್ಟರಿನ ಪ್ಲಗ್ಗನ್ನೇ ಕಿತ್ತರಂತೆ. ಪ್ರಿನ್ಸಿಪಾಲರು ಒಂದು ಕಾಲದಲ್ಲಿ ಅಪ್ಪನ ಕೈಕೆಳಗೆ ನೆಲ ಅಳೆಯುವ ಸರಪಳಿ ಎಳೆದವರು. ಕೂರಿಸಿ ಕಾಫಿ ತರಿಸಿ, ಮನೆಯಲ್ಲಿ ನೀವು ಏನು ನೋಡಿದರೂ ಅದು ನಿಮ್ಮ ಸ್ವಂತ ವಿಷಯ ಸರ್, ಒಂಟಿತನ ನನಗೂ ಅರ್ಥವಾಗುತ್ತೆ, ಸದ್ಯಕ್ಕೆ ಒಂದಿಷ್ಟು ದಿನ ವಿಶ್ರಾಂತಿ ತಗೊಳ್ಳಿ ಎಂದರಂತೆ. ಅರ್ಥವಾಗುತ್ತೆ ಎಂದರು ಎಂದು ಅಪ್ಪ ಎರಡು ಸಲ ಹೇಳಿದರು. ನಗುವವರ ನಗೆಗಿಂತ ಆ ಅರ್ಥವೇ ಅವರನ್ನು ಹೆಚ್ಚು ಸುಟ್ಟ ಹಾಗಿತ್ತು.

ಅವಳಿಗೆ ಮೊದಲು ಅನಿಸಿದ್ದು ಬಿಡುಗಡೆ. ಅಪ್ಪನಿಗೆ ಗೊತ್ತಾಗಿಲ್ಲ. ಆ ಬಿಡುಗಡೆಯ ಬೆನ್ನಿಗೇ, ಬಚ್ಚಲಿನ ನೀರಿನ ಸದ್ದಿಗೆ ಕಿವಿಕೊಟ್ಟು ತಾನು ಓದದೆ ಒತ್ತಿದ ಹೌದುಗಳೆಲ್ಲ ನೆನಪಾದವು. ಟವೆಲು ತೆಗೆದು ಕಂಪ್ಯೂಟರ್ ತೆರೆದಳು. ಮೋಡ ಮುಟ್ಟುವ ಬೆಟ್ಟಗಳನ್ನೂ ಬಿಡದೆ ಅಳೆದ ಅಪ್ಪ ಈಗ ಅಮ್ಮನ ಮಣೆ ಎಳೆದುಕೊಂಡು ಅವಳ ಕುರ್ಚಿಯ ಪಕ್ಕ ಕೂತರು, ಡಾಕ್ಟರ ಮುಂದೆ ಕೂತ ಹಾಗೆ. ತೆರೆದ ಕೂಡಲೇ ಬಲಮೂಲೆಯಲ್ಲಿ ಗಂಟೆಯ ಸದ್ದಾಯಿತು, ಆ ಹುಡುಗಿ ಬಂದಳು. ಅಪ್ಪ ತಲೆ ಬೇರೆ ಕಡೆ ತಿರುಗಿಸಿದರು. ಅವಳು ಮೊದಲು ಆ ಚೌಕಕ್ಕೆ ಹಾಗೆ ಬರಲು ಸಿಕ್ಕಿದ್ದ ಅನುಮತಿಯನ್ನು ಹುಡುಕಿ ಕಿತ್ತಳು. ಹುಡುಕುವ ಪುಟ ಬದಲಾಗಿ ಯಾವುದೋ ಗುರುತಿಲ್ಲದ ಪುಟ ಬಂದು ಕೂತಿತ್ತು, ಅದನ್ನು ಸರಿಮಾಡಿದಳು. ಆಮೇಲೆ ಯಂತ್ರದಲ್ಲಿರುವ ತಂತ್ರಾಂಶಗಳ ಪಟ್ಟಿ ತೆರೆದು ಹಾಕಿದ ದಿನದ ಪ್ರಕಾರ ಜೋಡಿಸಿದಳು. ಮೇಲೆ ಒಟ್ಟಿಗೆ ಕೂತಿದ್ದವು: ಹವಾಮಾನ ಹೇಳುವ ಒಂದು ಪಟ್ಟಿ, ಅಂಗಡಿಗಳ ರಿಯಾಯಿತಿ ಹುಡುಕಿಕೊಡುವ ಒಬ್ಬ ಗೆಳೆಯ, ವೇಗ ಹೆಚ್ಚಿಸುತ್ತೇನೆ ಎನ್ನುವ ಒಂದು, ಅವುಗಳ ನಡುವೆ ತೀರಾ ಸಾಧು ಹೆಸರಿನ ಪ್ರಿಂಟರ್ ಸಹಾಯಕ. ಅದು ಅವಳದು. ಸಿಕ್ಕಿಬೀಳದಿರಲೆಂದು ಅದು ಆ ಹೆಸರಿನಲ್ಲಿ ಕೂರುತ್ತದೆ ಎಂದು ಗುಮಾಸ್ತೆ ಹೇಳಿದ್ದಳು. ಎಲ್ಲದರ ಮುಂದೂ ಒಂದೇ ದಿನಾಂಕ.

ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅಳತೆಯಲ್ಲಿ ತಪ್ಪು ಹುಡುಕುವಾಗ ಅವರು ಹಾಗೆಯೇ ಬಗ್ಗುತ್ತಿದ್ದರು. ಒಂದೇ ದಿನ ಬಂದಿವೆಯಲ್ಲ, ಯಾವ ವಾರ ಅದು ಎಂದು ಕೇಳಿದರು. ಶನಿವಾರ ಎಂದಳು. ಶನಿವಾರ ನಾನೇನು ಮಾಡಿದ್ದೆ ಎಂದು ಅವರು ನಿಜವಾಗಿಯೂ ನೆನಪಿಗೆ ಕೈಹಾಕಿದರು. ಬೆಳಿಗ್ಗೆ ಎದ್ದೆ, ಪೇಪರ್ ಓದಿದೆ, ಸ್ನಾನಕ್ಕೆ ಹೋದೆ. ಅವಳು ಹವಾಮಾನವನ್ನು ಅಳಿಸಿದಳು. ಖಚಿತವೇ ಎಂದು ಅದು ಕೇಳಿತು. ಹೋಗುತ್ತಿದ್ದೀರಾ, ಬೇಸರವಾಯಿತು ಎಂದು ಅಳುವ ಮುಖ ತೋರಿಸಿತು. ರಿಯಾಯಿತಿಯ ಗೆಳೆಯನನ್ನು ಅಳಿಸಿದಳು. ಬಾಣವನ್ನು ಪ್ರಿಂಟರ್ ಸಹಾಯಕನ ಮೇಲೆ ತಂದಾಗ ಅಪ್ಪ ಅವಳ ಮಣಿಕಟ್ಟು ಹಿಡಿದರು. ಅದು ಇರಲಿ, ಅದು ನಮ್ಮದೇ, ನಕ್ಷೆ ಪ್ರಿಂಟ್ ತೆಗೆಯೋಕೆ ಬೇಕಾಗುತ್ತೆ ಎಂದರು. ಅವಳು ಬಾಣವನ್ನು ಹಿಂದಕ್ಕೆ ತೆಗೆದಳು. ನಮ್ಮದೇ ಎಂದ ಆ ಕೈಯ ಬಿಸಿ ಮಣಿಕಟ್ಟಿನ ಮೇಲೆ ಉಳಿಯಿತು.

ಉಳಿದ ಕೊಳೆಯನ್ನು ಹುಡುಕಿ ತೆಗೆಯಲು ಶುದ್ಧಿ ಮಾಡುವ ಒಂದು ತಂತ್ರಾಂಶವನ್ನು ಓಡಿಸಿ ಇಬ್ಬರೂ ಕಾದರು. ಹಸಿರು ಗೆರೆ ಇಂಚಿಂಚಾಗಿ ತೆವಳುತ್ತಿತ್ತು. ಅಷ್ಟರಲ್ಲಿ ಅಪ್ಪ, ಯಾರೂ ಕೇಳದಿದ್ದರೂ, ಒಪ್ಪಿಸಿಕೊಳ್ಳತೊಡಗಿದರು. ಯಾವುದರಿಂದ ಬಂತೆಂದು ಗೊತ್ತಾದರೆ ನಿನಗೆ ಸುಲಭ ಅಲ್ಲವಾ ಎಂಬುದು ಅವರ ತರ್ಕ. ಒಂದು ಸಲ ನಿಮಗೆ ಬಹುಮಾನ ಬಂದಿದೆ ಎಂದಿತು, ಒತ್ತಿದೆ. ಆಮೇಲೆ ಹೆದರಿ ಕಂಪ್ಯೂಟರನ್ನೇ ಆರಿಸಿದೆ. ಚಿಕ್ಕಂದಿನಲ್ಲಿ ನೋಡಿದ ಒಬ್ಬ ನಟಿ ಈಗ ಹೇಗಿದ್ದಾಳೆ ಎಂದು ನೋಡಿದೆ. ಸತ್ತುಹೋಗಿದ್ದಾಳೆ. ಕೂದಲಿಗೆ ಬಣ್ಣ ಹುಡುಕಿದ್ದೆ, ಅದರಿಂದ ಇರಬಹುದಾ? ಇದು ತನಗೆ ಗೊತ್ತಿಲ್ಲದ ಸುದ್ದಿ ಎಂಬಂತೆ ಅವಳು ಹುಬ್ಬೇರಿಸಬೇಕಾಯಿತು, ಏರಿಸಿದಳು. ಹುಡುಗರು ತೀರಾ ಮುದುಕ ಅಂದುಕೊಂಡರೆ ಪಾಠ ಕೇಳಲ್ಲ, ಅದಕ್ಕೆ, ಎಂದು ಅಪ್ಪ ಕಿವಿಯ ಮೇಲಿನ ಬಿಳಿ ಕೂದಲನ್ನು ಬೆರಳಿಂದ ಒತ್ತಿಕೊಂಡರು. ಬಸ್ಸಿನಲ್ಲಿ ಗೆದ್ದವಳಂತೆ ನೆಟ್ಟಗೆ ಕೂತದ್ದು ಅವಳ ಬೆನ್ನಿಗೆ ನೆನಪಾಯಿತು. ಸಾಕು ಬಿಡಿ ಅಪ್ಪ ಎನ್ನಲು ಬಾಯಿ ತೆರೆದಳು. ಆದರೆ ಅಪ್ಪ ಇನ್ನೂ ದೊಡ್ಡದೇನನ್ನೋ ಹೊರತೆಗೆಯುವವರಂತೆ ಗಂಟಲು ಸರಿಮಾಡಿಕೊಂಡಿದ್ದರು.

“ಇನ್ನೊಂದಿದೆ. ಸಂಜೆ ಹೊತ್ತು ಒಂದು ಆಟ ಆಡ್ತೀನಿ. ಚಿತ್ರದ ಚೂರುಗಳನ್ನ ಜೋಡಿಸೋದು. ಇಬ್ಬರು ಕೂತು ಆಡಬಹುದು ಅದನ್ನ, ಬೇರೆ ಬೇರೆ ಮನೆಯಿಂದ.”

“ಯಾರ ಜೊತೆ?”

“ಅವನ ಜೊತೆ.”

ಆ ಮನೆಯಲ್ಲಿ ಅವನು ಎಂದರೆ ಒಬ್ಬನೇ. ಅವಳು ಬಿಟ್ಟು ಬಂದ ಗಂಡ, ಅಪ್ಪನ ಅಳಿಯನಾಗಿದ್ದವನು. ಹಸಿರು ಗೆರೆ ತೆವಳುತ್ತಲೇ ಇತ್ತು. ಅವಳು ಅದನ್ನೇ ನೋಡುತ್ತ, ಯಾವಾಗಿಂದ ಎಂದು ಕೇಳಿದಳು. ಈ ವರ್ಷ ನನ್ನ ಹುಟ್ಟಿದ ದಿನಕ್ಕೆ ಅವನೊಂದು ಕೊಂಡಿ ಕಳಿಸಿದ್ದ, ಒತ್ತಿದರೆ ಮೇಜಿನ ಮೇಲೆ ಚೂರುಗಳು ಹರಡಿಕೊಂಡಿದ್ದವು, ಒಂದು ಚೂರು ತಾನಾಗಿ ಸರಿದು ಮೂಲೆಗೆ ಹೋಯಿತು, ಆಚೆ ಅವನು ಕೂತಿದ್ದಾನೆ ಅಂತ ಆಗ ಗೊತ್ತಾಯಿತು ಎಂದು ಅಪ್ಪ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಆ ಸಂಜೆಗಳ ಬೆಳಕು ತಾನಾಗಿ ಬಂದು, ಅವಳನ್ನು ನೋಡಿ ಆರಿತು. ಅವನು ಅಂಚು ಕಟ್ಟುತ್ತಾನೆ, ನಾನು ಆಕಾಶ ಜೋಡಿಸುತ್ತೇನೆ. ಆಕಾಶ ಕಷ್ಟ, ಎಲ್ಲ ಒಂದೇ ಬಣ್ಣ. ನಾನು ತಪ್ಪು ಕಡೆ ತುರುಕಿದರೆ ಅವನು ಮೆಲ್ಲಗೆ ತೆಗೆದು ನನ್ನ ಹತ್ತಿರ ತಂದಿಡುತ್ತಾನೆ. ಎರಡು ಬಾಣ, ಅಷ್ಟೇ. ಮಾತೇ ಇಲ್ಲ.

ಮೌಸಿನ ಕೆಲಸ. ಕೀಲಿಮಣೆ ಮುಟ್ಟುವುದೇ ಬೇಡ. ಅದಕ್ಕೇ ಅವಳಿಗೆ ಏನೂ ಸಿಕ್ಕಿರಲಿಲ್ಲ. ಅವಳು ಕಾಣದ ಹೆಂಗಸಿನ ಚಪ್ಪಲಿ ಎಣಿಸುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಈ ಇಬ್ಬರು ಗಂಡಸರು ಆಕಾಶ ಜೋಡಿಸುತ್ತಿದ್ದರು. ನನ್ನ ವಿಷಯ ಕೇಳುತ್ತಾನಾ ಎಂದು ಕೇಳಿದಳು. ಕೇಳುವ ಧ್ವನಿ ತನ್ನದೇ ಎಂದು ನಂಬಲಾಗಲಿಲ್ಲ. ಇಲ್ಲ ಎಂದರು ಅಪ್ಪ, ಅವಳಿಗೆ ಸಮಾಧಾನವಾಗಲೆಂದು ಅವಸರದಲ್ಲಿ. ಅವನು ಕೇಳಲ್ಲ, ನಾನೂ ಹೇಳಲ್ಲ. ಬರೆಯೋಕೆ ಅಲ್ಲೊಂದು ಜಾಗ ಇದೆ, ನಾವು ಯಾವತ್ತೂ ಬರೆದಿಲ್ಲ. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಒಂದು ಮಾತಿಗಾಗಿ ಅವಳು ಆ ಮನುಷ್ಯನ ಮುಂದೆ ಎಷ್ಟು ವರ್ಷ ಕಾದಿದ್ದಳು. ಊಟದ ಮೇಜಿನ ಆಚೆ ಕೂತು ಅವನು ತಟ್ಟೆ ನೋಡುತ್ತಿದ್ದ. ಕಲ್ಲಿನ ಜೊತೆ ಸಂಸಾರ ಮಾಡಿದ ಹಾಗೆ ಎಂದು ಕಿರುಚಿದಾಗ ಎದ್ದು ಹೋಗಿ ಅವಳ ಲೋಟಕ್ಕೆ ನೀರು ತುಂಬಿ ತಂದಿಟ್ಟಿದ್ದ. ಆ ನೀರನ್ನು ಅವಳು ಬಗ್ಗಿಸಿ ಸಿಂಕಿಗೆ ಚೆಲ್ಲಿದ್ದಳು. ಅದೇ ಮೌನ ಇಲ್ಲಿ ಬಂದು ಅಪ್ಪನಿಗೆ ಆಟವಾಗಿದೆ, ನಗೆಯಾಗಿದೆ. ನಾನಿಲ್ಲದ ಕಡೆ ಎಲ್ಲರಿಗೂ ಎಷ್ಟು ಸುಖ ಅನಿಸಿತು. ಅಪ್ಪ ಮೋಸ ಮಾಡಿದರು ಎಂಬ ಸಿಟ್ಟು ಎಷ್ಟು ಜೋರಾಗಿ ಬಂತೆಂದರೆ ತಾನು ಮಾಡಿದ್ದು ಆ ಹೊತ್ತಿಗೆ ಮರೆತೇಹೋಯಿತು.

“ಅದರಿಂದಲೇ ಬಂದಿರಬೇಕು,” ಎಂದಳು.

ಅಪ್ಪ ಹೌದೆಂದು ತಲೆಯಾಡಿಸಿದರು. ವಾದಿಸಲಿಲ್ಲ. ಎಷ್ಟೋ ಹೊತ್ತಿನಿಂದ ಹುಡುಕುತ್ತಿದ್ದ ತಪ್ಪು ಕೊನೆಗೂ ಸಿಕ್ಕವರಂತೆ, ಹಾಗಾದರೆ ಅದನ್ನೂ ತೆಗೆದುಬಿಡು ಎಂದರು. ಒಂದು ನಿಮಿಷ ತಡಿ, ಅವನಿಗೆ ತಿಳಿಸಬೇಕು, ಸುಮ್ಮನೆ ಕಾಯ್ತಾ ಕೂತಿರ್ತಾನೆ ಎಂದು ಕುರ್ಚಿಗೆ ಕೈಚಾಚಿದರು. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟು, ಟೀ ಮಾಡುತ್ತೇನೆಂದು ಅಡುಗೆಮನೆಗೆ ಹೋದಳು.

ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಲು ಮರೆತು ನಿಂತಿದ್ದಳು. ಫೋನು ಕೈಯಲ್ಲೇ ನಡುಗಿತು. ಅಪ್ಪ ಟೈಪ್ ಮಾಡಿ ಸ್ವಲ್ಪ ನಿಲ್ಲಿಸಿದರೆ ಸಾಕು, ಅಷ್ಟನ್ನು ಅದು ಹೊತ್ತು ತರುತ್ತಿತ್ತು. ಅಳಿಸಲು ಬಿಡದೆ ಉಳಿದಿದ್ದ ಪ್ರಿಂಟರ್ ಸಹಾಯಕ ತನ್ನ ಕೆಲಸ ಮಾಡುತ್ತಿದ್ದ. ನೋಡಬಾರದು ಎಂದುಕೊಂಡಳು, ನೋಡಿದಳು. ‘ಅವಳಿಗೆ ಗೊತ್ತಾಯಿತು’ ಎಂದು ಬರೆದು ಗೀಟು ಎಳೆದಿತ್ತು. ‘ಅವಳು ಚೆನ್ನಾಗಿದ್ದಾಳೆ, ಸ್ವಲ್ಪ ಇಳಿದಿದ್ದಾಳೆ’. ಅದಕ್ಕೂ ಗೀಟು. ‘ನಿನ್ನ ಜೊತೆ ಕೂತಾಗ ಮನೆಯಲ್ಲಿ ಎಲ್ಲರೂ ಇದ್ದ ಹಾಗೆ’ ಎಂಬಲ್ಲಿಗೆ ನಿಂತು, ಅದೂ ಅಕ್ಷರ ಅಕ್ಷರವಾಗಿ ಹಿಂದಕ್ಕೆ ಹೋಗಿತ್ತು. ಕೊನೆಗೆ ಗೀಟಿಲ್ಲದೆ ಉಳಿದದ್ದು ಇಷ್ಟೇ: ‘ಇನ್ನು ಮೇಲೆ ಬರಲಾಗುವುದಿಲ್ಲ. ಕಂಪ್ಯೂಟರಿಗೆ ತೊಂದರೆ. ಕ್ಷಮಿಸು ಮಗೂ.’ ಅವಳು ಪಾತ್ರೆಯಲ್ಲಿ ಕದಲದೆ ನಿಂತಿದ್ದ ತಣ್ಣೀರನ್ನು ನೋಡಿದಳು. ಹೇಳದೆಯೂ ಇರಬಹುದಿತ್ತು. ಸಂಜೆ ಅಪ್ಪ ವಾಕಿಂಗ್ ಹೋದಾಗ ಸಹಾಯಕನನ್ನು ಅಳಿಸಿಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಅಪ್ಪ ಆಟ ಬಿಡುತ್ತಾರೆ, ಬೂಟು ಬಿಚ್ಚಿಡುತ್ತಾರೆ, ಅವಳಿಗೆ ಬಲ್ಬು ತಾ ಎಂದು ಸಂದೇಶ ಕಳಿಸುತ್ತಾರೆ. ಮನೆಯಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ, ಅವಳು ಬಯಸಿದ ಹಾಗೆಯೇ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದು ಅವಳಿಗೆ ತನ್ನ ಮೇಲೆಯೇ ಭಯವಾಯಿತು. ಕೋಣೆಗೆ ಬಂದಳು. ಅಪ್ಪ ಕೈ ಎರಡನ್ನೂ ಮಡಿಲಲ್ಲಿಟ್ಟು ಪರದೆ ನೋಡುತ್ತ ಕೂತಿದ್ದರು.

“ಅಪ್ಪ, ಅದು ಆಟದಿಂದ ಬಂದದ್ದಲ್ಲ. ನಾನು ಹಾಕಿದ್ದು.”

ಅಪ್ಪನಿಗೆ ಅರ್ಥವಾಗಲಿಲ್ಲ. ಅವಳು ನಿಂತೇ ಹೇಳಿದಳು. ಶನಿವಾರ, ಸ್ನಾನ, ಬಿಟ್ಟಿ ಪ್ರತಿ, ಅದರ ಬಾಲ ಹಿಡಿದು ಒಳಗೆ ಬಂದ ಉಳಿದವು. ಪ್ರಿಂಟರ್ ಸಹಾಯಕ ಯಾರೆಂದು ಹೇಳಿದಳು. ಬಸ್ಸಿನಲ್ಲಿ ತಯಾರಾದ ಉತ್ತರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಯಾರನ್ನೋ ಮನೆಗೆ ಕರೆದುಕೊಂಡು ಬರುತ್ತೀರೇನೋ ಅಂತ ಹೆದರಿದ್ದೆ ಎಂದಳು. ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಎರಡನೇ ಸಲ ಹೇಳಿ ದೊಡ್ಡದು ಮಾಡೋಣ ಅನಿಸಿತು. ಅಪ್ಪ ಕನ್ನಡಕ ತೆಗೆದರು. ಈ ಸಲ ಒರೆಸಲಿಲ್ಲ.

“ಏನು ಸಿಕ್ಕಿತು?”

“ಏನೂ ಇಲ್ಲ.”

ಹೇಳಿದ್ದು ನಿಜ, ಅಪ್ಪನನ್ನು ನಿರ್ದೋಷಿ ಎಂದು ಬಿಡುವುದಕ್ಕಾಗಿಯೇ ಹೇಳಿದ್ದು. ಆದರೆ ಅವರ ಮುಖ ಬೆಳಿಗ್ಗೆಯ ಅವಮಾನವನ್ನು ಹೇಳುವಾಗ ಆದದ್ದಕ್ಕಿಂತ ಹೆಚ್ಚು ಕುಂದಿತು. ಇಷ್ಟು ದಿನ ಒಬ್ಬ ಮನುಷ್ಯನ ಒಳಗೆ ಕೈಹಾಕಿ ತಡಕಾಡಿ, ಕೈಗೆ ಏನೂ ಬರಲಿಲ್ಲ ಎಂದು ಅವನ ಮುಂದೆಯೇ ಹೇಳಿದ್ದಳು. ಇಷ್ಟೂ ದಿನ ಓದಿದೆಯಾ ಎಂದು ಕೇಳಿದರು. ಹೂಂ ಎಂದಳು. ಅಪ್ಪ ಪರದೆಯ ಕಡೆ ನೋಡಿ, ಮತ್ತೆ ಅವಳ ಕೈಯಲ್ಲಿದ್ದ ಫೋನನ್ನು ನೋಡಿದರು.

“ಈಗ ಬರೆದದ್ದೂ?”

“ಅದೂ.”

“ಅಳಿಸಿದ್ದು?”

“ಅಳಿಸಿದ್ದೂ ಬರುತ್ತೆ ಅಪ್ಪ.”

ಕೆಳಗೆ ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತ ಬಾ ಬಾ ಎನ್ನಿಸಿಕೊಳ್ಳುತ್ತಿದ್ದರು. ಶುದ್ಧಿಯ ತಂತ್ರಾಂಶ ಕೆಲಸ ಮುಗಿಸಿ, ನಿಮ್ಮ ಯಂತ್ರ ಈಗ ಚೊಕ್ಕಟವಾಗಿದೆ ಎಂದು ಹಸಿರು ಅಕ್ಷರದಲ್ಲಿ ಹೇಳಿತು. ಅಪ್ಪ ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಅಳಬಹುದಿತ್ತು. ನಾನು ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ ಎಂದಳು. ಏನಂತ ಹೇಳ್ತೀಯ, ಮಗಳು ಕಾವಲು ಹಾಕಿದ್ದಳು ಅಂತಾನಾ, ಎಂದು ಅಪ್ಪ ಮೆಲ್ಲಗೆ ಕೇಳಿದರು. ಬೇಕಾದರೆ ಹಾಗೇ ಹೇಳುತ್ತೇನೆ ಎಂದಳು. ಅಪ್ಪ ಕನ್ನಡಕ ಹಾಕಿಕೊಂಡು ನಕ್ಷೆಯ ಮೂಲೆಯ ಬಟ್ಟೊಂದನ್ನು ಸರಿಯಾಗಿಟ್ಟರು. ಆಟ ಬಿಡಬೇಡಿ, ಅದರದ್ದೇನೂ ತಪ್ಪಿಲ್ಲ ಎಂದು ಅವಳು ಶುರುಮಾಡಿದಾಗ ಮಾತ್ರ ತಲೆ ಎತ್ತಿ, ಅದನ್ನ ನೀನು ಹೇಳಬೇಕಾಗಿಲ್ಲ ಎಂದರು. ಅವಳು ಹುಟ್ಟಿದ ಮೇಲೆ ಅಪ್ಪ ಅವಳೊಡನೆ ಆಡಿದ ಅತ್ಯಂತ ಗಟ್ಟಿ ಮಾತು ಅದೇ ಇರಬೇಕು.

ಅವಳು ಕುರ್ಚಿಯತ್ತ ಬಂದಾಗ ಅವರು ಏಳಲಿಲ್ಲ. ಹೇಗೆ ತೆಗೆಯೋದು ಹೇಳು, ನಾನೇ ತೆಗೀತೀನಿ ಎಂದರು. ಅವಳು ಮಣೆಯ ಮೇಲೆ ಕೂರಲಾರದೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ಪಟ್ಟಿ ತೆರೆಯಿರಿ. ಅದರ ಮೇಲೆ ಒತ್ತಿ. ಮೌಸು ಹಿಡಿದ ಅಪ್ಪನ ಕೈ ನಿಧಾನವಾಗಿತ್ತು, ಎಲ್ಲಿಯೂ ತಪ್ಪಲಿಲ್ಲ. ಖಚಿತವೇ ಎಂದು ಅದು ಕೇಳಿದಾಗ ಅಪ್ಪ ಪ್ರಶ್ನೆಯನ್ನು ಪೂರ್ತಿ ಓದಿದರು, ಕೆಳಗಿನ ಸಣ್ಣ ಅಕ್ಷರವನ್ನೂ ತುಟಿ ಅಲ್ಲಾಡಿಸಿ ಓದಿದರು, ಆಮೇಲೆ ಹೌದು ಎಂದು ಒತ್ತಿದರು. ಆಮೇಲೆ ಕೈ ಚಾಚಿ ಅವಳ ಫೋನನ್ನು ಕೇಳಿದರು. ಕೊಟ್ಟಳು. ಅದರಲ್ಲಿ ಬಂದು ಸೇರಿದ್ದನ್ನೆಲ್ಲ ಹೇಗೆ ತೆಗೆಯುವುದೆಂದು ಕೇಳಿ ತಿಳಿದು, ಒಂದನ್ನೂ ಓದದೆ ಮುಖ ಬೇರೆ ಕಡೆ ಮಾಡಿಕೊಂಡು ತೆಗೆದರು. ಕಂಪ್ಯೂಟರ್ ಆರಿ ಮತ್ತೆ ಹತ್ತಿತು. ಮೂಲೆಯಲ್ಲಿ ಗಂಟೆ ಬಾರಿಸಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಇನ್ನೊಂದು ಉಳಿದಿದೆ ಎಂದಳು ಅವಳು. ನಿಮ್ಮ ಪಾಸ್‌ವರ್ಡ್ ಬದಲಾಯಿಸಬೇಕು. ಯಾಕೆ ಎಂದರು. ಅದು ನನಗೆ ಗೊತ್ತು ಎಂದಳು. ಹಳೆಯದು ಅವಳ ಹೆಸರೇ ಆಗಿತ್ತು, ಚಿಕ್ಕಂದಿನಲ್ಲಿ ಅವರು ಕರೆಯುತ್ತಿದ್ದ ಹೆಸರು.

“ಆ ಕಡೆ ತಿರುಗು,” ಎಂದರು ಅಪ್ಪ.

ಅವಳು ತಿರುಗಿ ಗೋಡೆಗೆ ಮುಖ ಮಾಡಿ ನಿಂತಳು. ಸುಣ್ಣದ ಮೇಲೆ ಯಾವುದೋ ಕಾಲದ ಮೊಳೆ ಕಿತ್ತ ಗುರುತಿತ್ತು. ಬೆನ್ನ ಹಿಂದೆ ಎರಡು ಬೆರಳುಗಳು ಕೀಲಿಗಳನ್ನು ಒಂದೊಂದಾಗಿ ಹುಡುಕಿ ಒತ್ತುತ್ತಿದ್ದವು. ಒಂದು ಹೊಸ ಪಾಸ್‌ವರ್ಡಿಗೆ ಅಷ್ಟು ಹೊತ್ತು ಬೇಡ, ಅದನ್ನು ಎರಡು ಸಲ ಹಾಕಬೇಕೆಂದರೂ ಬೇಡ. ಕೀಲಿಗಳು ನಿಂತವು, ಮತ್ತೆ ಶುರುವಾದವು. ಒಂದು ಸಾಲಿನಷ್ಟು ಉದ್ದ ಹೋಗಿ, ತಡೆದು, ಮತ್ತೊಂದು ಸಾಲಿಗೆ ಹೊರಳಿದವು. ಯಾರಿಗೆ ಬರೆಯುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಏನು ಬರೆಯುತ್ತಿದ್ದಾರೆಂದು ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ತಿರುಗಬೇಕೆಂದು ಕತ್ತಿನ ನರವೆಲ್ಲ ಎಳೆಯುತ್ತಿತ್ತು. ಕಾಲು ಜೋಮು ಹಿಡಿಯಿತು. ನಡುವಯಸ್ಸಿನ ಹೆಂಗಸು, ಮಗುವಿನ ಹಾಗೆ ಗೋಡೆ ನೋಡುತ್ತ ನಿಂತಿದ್ದಾಳೆ ಎಂದುಕೊಂಡಾಗ ನಗು ಬಂದಂತಾಗಿ ಕಣ್ಣು ತುಂಬಿತು.

“ಆಯ್ತಾ ಅಪ್ಪ?”

“ಇನ್ನೂ ಇಲ್ಲ,” ಎಂದರು ಅಪ್ಪ. “ಹಾಗೇ ಇರು.”